ಆ ‘ಹಿರಿಯ ತರಬೇತುದಾರ’ ನಾನೇ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಕೆಳಗಡೆ ಒಂದು ಸಣ್ಣ ಸುದ್ದಿ ಬಂದಿತ್ತು. ಧಾರವಾಡದಲ್ಲಿ ನಡೆದ ಕಾಲೇಜು ಹುಡುಗರ ಬೇಸ್‌ಬಾಲ್ ಫೈನಲ್ ಸುದ್ದಿ. ‘ಚೆಂಡೆಸೆಯದೆ ಬಂತು ರನ್: ಅಂಪೈರ್ ಎಡವಟ್ಟು’ ಎಂಬ ತಲೆಬರಹ. ಒಳಗೆ ಐದೇ ಸಾಲು. ಕೊನೆಯ ಸಾಲು ಹೀಗಿತ್ತು: ‘ಇದು ಸ್ಪಷ್ಟವಾಗಿ ತಪ್ಪು ತೀರ್ಪು ಎಂದು ಗದಗಿನ ಹಿರಿಯ ತರಬೇತುದಾರರೊಬ್ಬರು ಹೇಳಿದರು.’

ಆ ಹಿರಿಯ ತರಬೇತುದಾರ ನಾನೇ. ನಾನು ಹೇಳಿದ್ದು ತಪ್ಪು. ಅಂಪೈರ್ ಕೊಟ್ಟ ತೀರ್ಪು ಸರಿ. ಇಷ್ಟು ಅಚ್ಚು ಹಾಕಿದರೆ ನನ್ನ ಕೆಲಸ ಅರ್ಧ ಮುಗಿಯುತ್ತದೆ. ಉಳಿದ ಅರ್ಧಕ್ಕೆ ಸ್ವಲ್ಪ ಜಾಗ ಬೇಕು. ಪತ್ರ ಉದ್ದ ಆಗಿದೆ, ಗೊತ್ತು. ಕತ್ತರಿಸುವುದಿದ್ದರೆ ನಡುವೆ ಎಲ್ಲಿ ಬೇಕಾದರೂ ಕತ್ತರಿಸಿ. ಕೊನೆಯ ಎರಡು ಪ್ಯಾರಾ ಮಾತ್ರ ಹಾಗೇ ಇರಲಿ.

ನಿಮ್ಮ ವರದಿಗಾರ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆಟ ಮುಗಿದ ಮೇಲೆ ಯಾರು ಜಾಸ್ತಿ ಕೂಗಾಡುತ್ತಿದ್ದರೋ ಅವರ ಹತ್ತಿರ ಬಂದು ಕೇಳಿದ. ಕೂಗಾಡುತ್ತಿದ್ದವನು ನಾನು. ಅವನ ಮೇಲೆ ಒಂದೇ ತಕರಾರು. ಅಂಪೈರ್ ಕೊಟ್ಟದ್ದು ‘ಬಾಕ್’, ಅಂದರೆ ಪಿಚರ್ (ಚೆಂಡೆಸೆಯುವವನು) ನಿಯಮ ಮೀರಿ ಕೈ ಕಾಲು ಆಡಿಸಿದ ತಪ್ಪು. ವರದಿಯಲ್ಲಿ ‘ಬ್ಲಾಕ್’ ಎಂದು ಅಚ್ಚಾಗಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಲ’ ಬರುತ್ತದೆ, ಬಾಯಲ್ಲಿ ಬರುವುದಿಲ್ಲ. ಅದಕ್ಕೇ ನಮ್ಮ ಕಡೆ ಕೆಲವರು ಬಾಲ್ಕ್ ಅನ್ನುತ್ತಾರೆ. ಅದೂ ನಡೆಯುತ್ತದೆ. ಬ್ಲಾಕ್ ಮಾತ್ರ ವಾಲಿಬಾಲ್‌ನದು.

ನಾನು ಬೆಟಗೇರಿಯವನು. 34 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ ಆಗಿದ್ದೆ. ಕಸುಬು ಶುರುವಾದದ್ದು ಖೋ ಖೋದಿಂದ. ಆಮೇಲೆ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಿದೆ. ಅದರ ಬೆನ್ನಿಗೆ ಹುಡುಗರ ಬೇಸ್‌ಬಾಲ್ ಬಂತು. ನಿವೃತ್ತಿ ಆದ ಮೇಲೂ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋಗುತ್ತೇನೆ. ಮನೆಯಲ್ಲಿ ಕೂತರೆ ಮೊಣಕಾಲು ಹಿಡಿಯುತ್ತದೆ. ಅಂದು ಫೈನಲ್‌ನಲ್ಲಿ ಪಿಚರ್ ಆಗಿದ್ದ ಹುಡುಗ ನನ್ನ ಹತ್ತಿರವೇ ಎಂಟನೇ ಇಯತ್ತೆಯಿಂದ ಕಲಿತವನು. ಅವರಪ್ಪನದು ಉಳ್ಳಾಗಡ್ಡಿ ಹೊಲ. ಹುಡುಗನ ಭುಜ ಗಟ್ಟಿ, ತಲೆ ತಣ್ಣಗೆ. ಅವನಿಗೆ ರಬ್ಬರ್, ಅಂದರೆ ಪಿಚರ್ ಕಾಲು ಹಚ್ಚಿ ನಿಲ್ಲುವ ಪಟ್ಟಿ, ಬೇಕೆಂದು ಮುಳಗುಂದ ನಾಕಾದ ಹತ್ತಿರ ಟೈರ್ ಅಂಗಡಿಯಲ್ಲಿ ಲಾರಿ ಟೈರ್ ಕೊಯ್ಯಿಸಿ, 24 ಇಂಚು ಉದ್ದ, 6 ಇಂಚು ಅಗಲ ಸರಿಯಾಗಿ ಅಳತೆ ಮಾಡಿಸಿ ತಂದಿದ್ದೆ. ನಮ್ಮದು ಎರೆಮಣ್ಣು. ಮಳೆ ಬಿದ್ದರೆ ನಾಲ್ಕು ಮೊಳೆ ಹೊಡೆದರೂ ಟೈರ್ ಜಾರುತ್ತದೆ, ಹುಡುಗನೂ ಜಾರುತ್ತಾನೆ.

ಈಗ ಅಂದಿನ ಆಟ. ಕೊನೆಯ ಇನ್ನಿಂಗ್ಸ್, 4-4. ಎದುರಾಳಿಗಳ ಬ್ಯಾಟಿಂಗ್, ಇಬ್ಬರು ಔಟ್. ಒಂದನೇ ಬೇಸ್‌ನಲ್ಲಿ ಒಬ್ಬ ಓಟಗಾರ, ಮೂರನೇ ಬೇಸ್‌ನಲ್ಲಿ ಇನ್ನೊಬ್ಬ. ನಮ್ಮ ಹುಡುಗ ಬಲಗೈಯವನು. ಬಲಗಾಲು ರಬ್ಬರ್‌ಗೆ ಹಚ್ಚಿ, ಎರಡೂ ಕೈ ಎದೆಯ ಹತ್ತಿರ ತಂದು, ಉಸಿರು ಹಿಡಿದು ನಿಂತ. ಹಾಗೆ ನಿಂತಾಗ ಮೂರನೇ ಬೇಸ್ ಅವನ ಮುಖದ ಎದುರಿಗೆ, ಒಂದನೇ ಬೇಸ್ ಬೆನ್ನ ಹಿಂದೆ. ಎಡಗಾಲು ಎತ್ತಿದ, ಮೂರನೇ ಬೇಸ್ ಕಡೆ ಹೆಜ್ಜೆ ಇಟ್ಟ, ಕೈ ಬೀಸಿದ. ಚೆಂಡು ಬಿಡಲಿಲ್ಲ. ಗಿರಕಿ ಹೊಡೆದು ಒಂದನೇ ಬೇಸ್‌ಗೆ ಎಸೆದ. ಅಲ್ಲಿಯ ಓಟಗಾರ ಆಗಲೇ ಎರಡರ ಕಡೆ ಹತ್ತು ಹೆಜ್ಜೆ ಓಡಿದ್ದ. ನಡುವೆ ಸಿಕ್ಕಿಬಿದ್ದು ಔಟ್ ಆದ. ನಮ್ಮವರು ಕುಣಿಯುತ್ತಾ ಮೈದಾನಕ್ಕೆ ನುಗ್ಗಿದರು. ನಾನೂ ಟವೆಲ್ ಬೀಸಿದೆ.

ಆದರೆ ಕೈ ಬೀಸಿ ಚೆಂಡು ಬಿಡದ ಆ ಕ್ಷಣದಲ್ಲೇ ಅಂಪೈರ್ ‘ಬಾಕ್’ ಎಂದು ಕೂಗಿ ಆಗಿತ್ತು. ಗದ್ದಲದಲ್ಲಿ ನಮಗೆ ಕೇಳಿರಲಿಲ್ಲ. ಬಾಕ್ ಆದರೆ ಬೇಸ್ ಮೇಲಿರುವ ಓಟಗಾರರೆಲ್ಲ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ. ಔಟ್ ರದ್ದಾಯಿತು. ಒಂದರಲ್ಲಿದ್ದವನು ಎರಡಕ್ಕೆ ಹೋದ. ಮೂರರಲ್ಲಿದ್ದವನು ನಡೆದುಕೊಂಡೇ ‘ಮನೆ’ಗೆ, ಅಂದರೆ ಬ್ಯಾಟ್ ಮಾಡುವ ಜಾಗದ ಬೇಸ್‌ಗೆ ಬಂದ. ಅದಕ್ಕೆ ಒಂದು ರನ್. 5-4. ಆಟ ಮುಗಿಯಿತು. ಬ್ಯಾಟ್ ಹಿಡಿದವನು ಬ್ಯಾಟ್ ಹಿಡಿದೇ ನಿಂತಿದ್ದ. ನಿಮ್ಮ ತಲೆಬರಹ ಇದನ್ನೇ ಹೇಳಿದ್ದು. ನೋಡಿದವರಿಗೆ ಹೊಟ್ಟೆ ಉರಿಯುವುದು ಸಹಜವೇ ಅಲ್ವಾ?

ನಾನು ಹಗ್ಗ ದಾಟಿ ಒಳಗೆ ಹೋದೆ. ಅಂಪೈರ್ ಹಾವೇರಿ ಕಡೆಯ ಹೆಣ್ಣುಮಗಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಅವಳೂ ಮೊದಲು ಖೋ ಖೋ ಆಡಿದವಳಂತೆ, ಆಮೇಲೆ ತಿಳಿಯಿತು. ನನ್ನ ಚೀಲದಲ್ಲಿ ನಿಯಮದ ಜೆರಾಕ್ಸ್ ಇತ್ತು. ತೆಗೆದು ತೋರಿಸಿದೆ. “8.05 ನೋಡವಾ. ಒಂದನೇ ಬೇಸಿಗೆ ಸುಳ್ಳು ಮಾಡಿದ್ರಷ್ಟ ಬಾಕ್ ಅಂತ ಐತಿ. ಮೂರಕ್ಕಲ್ಲ” ಅಂದೆ. ಅವಳು ಜೆರಾಕ್ಸ್ ನೋಡಿದಳು, ನನ್ನ ಮುಖ ನೋಡಿದಳು. “ಸರ್, ಇದು ಹಳೇ ರೂಲ್ ಐತ್ರಿ. 2013ರಾಗ ತಗದಾರ. ಈಗ ನಂಬರೂ 8.05 ಇಲ್ರಿ” ಅಂದಳು. ದನಿ ಏರಿಸಲಿಲ್ಲ. ನಾನು ಏರಿಸಿದೆ. “ನೀ ಹುಟ್ಟೂಕಿಂತ ಮೊದ್ಲಿಂದ ಈ ಆಟ ನೋಡೇನಿ” ಅಂದೆ. ಲೆಕ್ಕ ಹಾಕಿದರೆ ಅದೂ ಸುಳ್ಳೇ. ಅಷ್ಟರಲ್ಲಿ ನಿಮ್ಮ ವರದಿಗಾರ ಪುಸ್ತಕ, ಪೆನ್ನು ಹಿಡಿದು ಬಂದ.

ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬಂದೆವು. ಹಿಂದಿನ ಸೀಟಿನಲ್ಲಿ ಯಾರೋ, “ಹೆಣ್ಮಕ್ಕಳನ್ನ ಅಂಪೈರ್ ಮಾಡಿದ್ರ ಹಿಂಗ ಆಕ್ಕೈತಿ ನೋಡ್ರಿ” ಅಂದ. ನಾನು ತಿರುಗಿ ನೋಡಲಿಲ್ಲ, ಏನೂ ಅನ್ನಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಹುಡುಗಿಯರ ಕೊರಳಿಗೆ ಸೀಟಿ ಹಾಕಿದವನು ನಾನು! ಆದರೆ ಆ ಹೊತ್ತಿಗೆ ಆ ಮಾತು ನನಗೂ ಹಿತವಾಗಿತ್ತು. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಮ್ಮ ಹುಡುಗ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಹುಬ್ಬಳ್ಳಿಯಲ್ಲಿ ಮಿರ್ಚಿ ಕೊಡಿಸಿದರೂ ಮುಟ್ಟಲಿಲ್ಲ.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ, ಫೋನಿನಲ್ಲಿ ಹೊಸ ನಿಯಮ ತೆಗೆ ಅಂತ. ಅವಳು ಪಿಯುಸಿ, ನನಗಿಂತ ಬೇಗ ಓದುತ್ತಾಳೆ. 8.05 ಹುಡುಕಿದರೆ ಸಿಗಲೇ ಇಲ್ಲ. 2015ರಲ್ಲಿ ಇಡೀ ಪುಸ್ತಕಕ್ಕೆ ಹೊಸ ನಂಬರ್ ಹಾಕಿದ್ದಾರೆ. ಬಾಕ್ ಈಗ 6.02ರಲ್ಲಿದೆ. ಪಿಚರ್ ಹೇಗೆ ನಿಲ್ಲಬೇಕು ಅನ್ನುವುದು 5.07ರಲ್ಲಿ. ಅಷ್ಟು ಹೊತ್ತಿಗೆ ನನ್ನ ಎದೆ ಸ್ವಲ್ಪ ಹಗುರ ಆಯಿತು. ನಂಬರ್ ಅಷ್ಟೇ ಬದಲಾಗಿರಬೇಕು ಅಂದುಕೊಂಡೆ. ಆಗ ಮೊಮ್ಮಗಳು, “ಅಜ್ಜಾ, ಇಲ್ಲಿ ಮೂರನೇ ಬೇಸ್ ಹೆಸರೂ ಐತಿ ನೋಡು” ಅಂದಳು.

ಇತ್ತು. ರಬ್ಬರ್ ಮುಟ್ಟಿಕೊಂಡಿರುವ ಪಿಚರ್ ಒಂದನೇ ಅಥವಾ ಮೂರನೇ ಬೇಸ್‌ಗೆ ಎಸೆಯುವ ಹಾಗೆ ಮಾಡಿ ಎಸೆಯದಿದ್ದರೆ ಬಾಕ್. ನನ್ನ ಜೆರಾಕ್ಸ್‌ನಲ್ಲಿ ‘ಅಥವಾ ಮೂರನೇ’ ಎಂಬುದು ಇಲ್ಲ. ಉಳಿದ ಸಾಲು ಹಾಗೇ ಇದೆ. ಎರಡೇ ಪದಕ್ಕೆ ಒಂದು ಫೈನಲ್ ಹೋಯಿತು.

ಈ ಆಟ ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗದಗಿನ ಯಾವ ಚಹಾದಂಗಡಿಯಲ್ಲಿ ಕೇಳಿದರೂ ನಮ್ಮ ಸುನೀಲ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಮಾಡಿದ ಬೌಲಿಂಗ್ ಬಾಯಿಪಾಠ ಬರುತ್ತದೆ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಬಾಕ್ ಬಗ್ಗೆ ಕೇಳಿದರೆ ಬಿಸ್ಕೀಟ್ ಬೇಕಾ ಅನ್ನುತ್ತಾರೆ. ಹಾಗಾಗಿ ಕ್ರಿಕೆಟ್‌ನಿಂದಲೇ ಶುರು ಮಾಡುವೆ. ಬೌಲರ್ ಚೆಂಡು ಬಿಡುವ ಮುಂಚೆ ಆ ತುದಿಯ ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಮುಂದೆ ಸರಿಯುತ್ತಾನೆ. 1947ರಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಹಾಗೆ ಸರಿದ ಬಿಲ್ ಬ್ರೌನ್‌ನನ್ನು ರನೌಟ್ ಮಾಡಿದರು. ಅದು ಸರಿಯೋ ತಪ್ಪೋ ಎಂದು ಅಂದಿನಿಂದ ಜಗಳ. 2022ರಲ್ಲಿ ಅದನ್ನು ‘ಅನ್ಯಾಯದ ಆಟ’ ಎಂಬ ಅಧ್ಯಾಯದಿಂದ ತೆಗೆದು ಮಾಮೂಲಿ ರನೌಟ್ ಅಧ್ಯಾಯಕ್ಕೆ ಹಾಕಿದರು. ಕ್ರಿಕೆಟ್‌ನಲ್ಲಿ ಅದು ಅಪರೂಪಕ್ಕೆ ಆಗುವುದು. ಬೇಸ್‌ಬಾಲ್‌ನಲ್ಲಿ ಅದೇ ನಿತ್ಯದ ಊಟ. ಓಟಗಾರ ಬೇಸ್ ಬಿಟ್ಟು ಮುಂದೆ ಸರಿದೇ ನಿಲ್ಲುತ್ತಾನೆ. ಬೇಸ್‌ನಿಂದ ಬೇಸ್‌ಗೆ 90 ಅಡಿ. ನಾಲ್ಕು ಹೆಜ್ಜೆ ಮುಂಚೆ ಕದ್ದರೆ ಅಷ್ಟು ಲಾಭ. ಪಿಚರ್ ಅವನನ್ನು ಹಿಡಿಯಲು ಬ್ಯಾಟ್‌ಗೆ ಎಸೆಯುವ ಬದಲು ಬೇಸ್‌ಗೆ ಎಸೆಯಬಹುದು. ಇದಕ್ಕೆ ಪಿಕಾಫ್ ಅನ್ನುತ್ತಾರೆ.

ಸಾಫ್ಟ್‌ಬಾಲ್‌ನಲ್ಲಿ ಈ ತಂಟೆ ಇಲ್ಲ. ಅಲ್ಲಿ ಬೇಸ್‌ಗೆ ಬೇಸ್‌ಗೆ 60 ಅಡಿ. ಚೆಂಡು ಪಿಚರ್ ಕೈ ಬಿಡುವವರೆಗೆ ಓಟಗಾರ ಬೇಸ್ ಬಿಡುವಂತಿಲ್ಲ. ನಮ್ಮ ಕಡೆ ಜಾಸ್ತಿ ಜನ ಸಾಫ್ಟ್‌ಬಾಲ್ ನೋಡಿದವರು. ಅವರಿಗೆ ಬೇಸ್‌ಬಾಲ್‌ನ ಪಿಚರ್ ಯಾಕೆ ಹೀಗೆ ಕಳ್ಳನ ಹಾಗೆ ಹಿಂದೆ ಮುಂದೆ ನೋಡುತ್ತಾನೆ ಅನ್ನುವುದೇ ತಿಳಿಯುವುದಿಲ್ಲ.

ಪಿಚರ್ ಮನಸ್ಸಿಗೆ ಬಂದ ಹಾಗೆ ಕೈ ಕಾಲು ಆಡಿಸುತ್ತಿದ್ದರೆ ಓಟಗಾರ ಬೇಸ್‌ಗೆ ಅಂಟಿಕೊಂಡೇ ಇರಬೇಕಾಗುತ್ತದೆ. ಅದಕ್ಕೇ ಬಾಕ್ ನಿಯಮ. ನಾನು ಹುಡುಗರಿಗೆ ಇದನ್ನು ಖೋ ಖೋದಿಂದ ಹೇಳಿಕೊಡುತ್ತೇನೆ. ಖೋ ಸಿಕ್ಕು ಎದ್ದ ಚೇಸರ್ ಒಂದು ಕಡೆ ಭುಜ ತಿರುಗಿಸಿದ ಮೇಲೆ ಆ ದಿಕ್ಕಿಗೇ ಓಡಬೇಕು. ನಡುವೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಬರುವಂತಿಲ್ಲ. ಬಂದರೆ ಫೌಲ್. ಕಂಬ ದಾಟಿ ಆಚೆಯ ಬಯಲಿಗೆ ಹೋದರೆ ಮಾತ್ರ ಬಿಡುಗಡೆ. ಅಲ್ಲಿ ಬೇಕಾದ ಹಾಗೆ ತಿರುಗಬಹುದು. ಬೇಸ್‌ಬಾಲ್‌ನ ರಬ್ಬರ್ ಕೂಡ ಹಾಗೇ. ಹಿಂಗಾಲು ರಬ್ಬರ್ ಮುಟ್ಟಿಕೊಂಡಿರುವಷ್ಟು ಹೊತ್ತು ಪಿಚರ್ ದಿಕ್ಕು ಹಿಡಿದ ಚೇಸರ್. ಆ ಕಾಲನ್ನು ರಬ್ಬರ್‌ನ ಹಿಂದಕ್ಕೆ ಇಳಿಸಿದನೋ, ಕಂಬ ದಾಟಿದ ಹಾಗೆ. ಆಮೇಲೆ ಅವನು ಬರೀ ಒಬ್ಬ ಫೀಲ್ಡರ್. ಒಂದಕ್ಕೆ ಎಸೆದ ಹಾಗೆ ಮಾಡಲಿ, ಮೂರಕ್ಕೆ ಮಾಡಲಿ, ಕೇಳುವವರಿಲ್ಲ. ಹಿಂದಕ್ಕೇ ಇಳಿಸಬೇಕು, ಮುಂದಕ್ಕೋ ಪಕ್ಕಕ್ಕೋ ಅಲ್ಲ.

ಈ ಬಿಡುಗಡೆಗೂ ಬೆಲೆ ಇದೆ. ರಬ್ಬರ್ ಮೇಲಿಂದಲೇ ಎಸೆದ ಪಿಕಾಫ್ ಚೆಂಡು ದಾರಿ ತಪ್ಪಿ ಪ್ರೇಕ್ಷಕರ ಕಡೆ ಹೋದರೆ ಓಟಗಾರರಿಗೆ ಒಂದು ಬೇಸ್. ಕಾಲು ಇಳಿಸಿ ಫೀಲ್ಡರ್ ಆದ ಮೇಲೆ ಎಸೆದದ್ದು ಹಾಗೆ ಹೋದರೆ ಎರಡು ಬೇಸ್. ಇದು ನನ್ನ ಹುಡುಗರಲ್ಲಿ ಅರ್ಧ ಜನಕ್ಕೆ ಇವತ್ತಿಗೂ ಗೊತ್ತಿಲ್ಲ.

ರಬ್ಬರ್ ಮೇಲಿದ್ದಾಗ ಮೂರು ಬೇಸ್‌ಗೆ ಮೂರು ಲೆಕ್ಕ. ಯಾವುದಕ್ಕೇ ಎಸೆಯಲಿ, ಮೊದಲು ಆ ಬೇಸ್ ಕಡೆಗೆ ನೇರವಾಗಿ ಹೆಜ್ಜೆ ಹಾಕಬೇಕು. ಹೆಜ್ಜೆ ಒಂದು ಕಡೆ, ಕೈ ಒಂದು ಕಡೆ ಆದರೆ ಬಾಕ್. ಓಟಗಾರನೇ ಇಲ್ಲದ ಬೇಸ್‌ಗೆ ಸುಮ್ನೆ ಎಸೆದರೂ ಬಾಕ್. ಒಂದನೇ ಬೇಸ್ ಕಡೆ ಹೆಜ್ಜೆ ಹಾಕಿದರೆ ಚೆಂಡು ಬಿಡಲೇಬೇಕು. ಎರಡನೇ ಬೇಸ್ ಕಡೆ ಹೆಜ್ಜೆ ಹಾಕಿ ಎಸೆಯದೆ ಇದ್ದರೂ ನಡೆಯುತ್ತದೆ. ಇವತ್ತಿಗೂ ನಡೆಯುತ್ತದೆ. ಎರಡನೇ ಬೇಸ್ ಪಿಚರ್‌ನ ಹಿಂದಿದೆ. ಅಲ್ಲಿಗೆ ಹೆಜ್ಜೆ ಹಾಕಬೇಕಾದರೆ ಮೈಯನ್ನೆಲ್ಲ ತಿರುಗಿಸಬೇಕು. ಬ್ಯಾಟ್‌ಗೆ ಎಸೆಯುತ್ತಾನೆಂದು ಅದನ್ನು ನೋಡಿ ಯಾರೂ ಮೋಸ ಹೋಗುವುದಿಲ್ಲ. ಯಾಕೆ ನಡೆಯುತ್ತದೆ ಎಂದು ಹುಡುಗರು ಕೇಳಿದರೆ ನಾನು ಹೇಳುವುದು ಇದನ್ನೇ.

ಮೂರನೇ ಬೇಸ್ ಹಾಗಲ್ಲ. ಬಲಗೈ ಪಿಚರ್ ಎಡಗಾಲು ಎತ್ತಿದಾಗ ಅವನು ಬ್ಯಾಟ್‌ಗೆ ಎಸೆಯುತ್ತಾನೋ ಮೂರಕ್ಕೆ ಎಸೆಯುತ್ತಾನೋ ಬೆನ್ನ ಹಿಂದೆ ಇರುವ ಒಂದನೇ ಬೇಸ್‌ನ ಓಟಗಾರನಿಗೆ ತಕ್ಷಣ ಹೊಳೆಯುವುದಿಲ್ಲ. ಕಾಲು ಎದ್ದಿತೆಂದು ಓಡುತ್ತಾನೆ. ಪಿಚರ್ ಮೂರಕ್ಕೆ ಕೈ ಬೀಸಿದ ರಭಸಕ್ಕೆ ಹಿಂಗಾಲು ರಬ್ಬರ್ ಬಿಡುತ್ತದೆ. ಆಗ ತಿರುಗಿ ಒಂದಕ್ಕೆ ಎಸೆಯುತ್ತಾನೆ. 2012ರವರೆಗೆ ಇದು ಪೂರ್ತಿ ಕಾನೂನುಬದ್ಧ. ಅಮೆರಿಕದ ದೊಡ್ಡ ಲೀಗ್‌ನಲ್ಲೂ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಫಲ ಕೊಟ್ಟದ್ದು ಕಮ್ಮಿ. ನೂರು ಸಲ ಮಾಡಿದರೂ ಓಟಗಾರ ಬೇಸ್‌ಗೆ ವಾಪಸ್ ಹೋಗಿ ನಿಲ್ಲುತ್ತಿದ್ದ. ನೋಡುವವರು ಆಕಳಿಸುತ್ತಿದ್ದರು. 2013ರಲ್ಲಿ ಅದನ್ನು ತೆಗೆದು ಮೂರನೇ ಬೇಸನ್ನೂ ಒಂದನೆಯದರ ಸಾಲಿಗೆ ಸೇರಿಸಿದರು.

ನಮ್ಮ ಕಡೆಯವರು ಇನ್ನೊಂದು ವಾದ ಹೂಡಿದರು. ಯಾರೋ ಫೋನಿನಲ್ಲಿ ವಿಡಿಯೋ ಮಾಡಿದ್ದರು. ಅದರಲ್ಲಿ ಹುಡುಗನ ಬಲಗಾಲು ರಬ್ಬರ್ ಬಿಟ್ಟಿದ್ದು ಕಾಣುತ್ತದೆ. ಹಾಗಾದರೆ ಅವನು ಫೀಲ್ಡರ್ ಆದ ಹಾಗಲ್ಲವೇ, ಬಾಕ್ ಹೇಗೆ ಎಂದು ಕೇಳಿದರು. ನಾನು ಆ ವಿಡಿಯೋವನ್ನು ನಿಧಾನ ಮಾಡಿ ಇಪ್ಪತ್ತು ಸಲವಾದರೂ ನೋಡಿದ್ದೇನೆ. ಕಾಲು ಬಿಟ್ಟಿದೆ, ನಿಜ. ಆದರೆ ಕೈ ಬೀಸಿದ ಮೇಲೆ ಬಿಟ್ಟಿದೆ. ರಬ್ಬರ್ ಪಕ್ಕದ ಕೆಂಪು ಧೂಳು ಏಳುವುದು ಕೈ ಪೂರ್ತಿ ಮುಂದೆ ಬಂದ ನಂತರ. ಮೊದಲು ಕಾಲು ಇಳಿಸಿ ಆಮೇಲೆ ಕೈ ಬೀಸಿದ್ದರೆ ಅದು ಸರಿಯಾದ ಆಟ. ಹಿಂದು ಮುಂದಾದರೆ ಬಾಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಇದನ್ನು ಆ ಹುಡುಗಿ ಬರಿಗಣ್ಣಿನಲ್ಲಿ ಒಂದೇ ಸಲಕ್ಕೆ ಹಿಡಿದಳು.

ಅನುಮಾನ ಇದ್ದಾಗ ಪಿಚರ್‌ನ ಉದ್ದೇಶ ನೋಡಬೇಕು ಎಂದು ನಿಯಮದ ಟಿಪ್ಪಣಿಯಲ್ಲೇ ಇದೆಯಲ್ಲ ಎಂದು ಇನ್ನೊಬ್ಬ ತರಬೇತುದಾರರು ನನಗೆ ಫೋನ್ ಮಾಡಿದ್ದರು. ಇದೆ. ಓಟಗಾರನನ್ನು ಬೇಕೆಂದೇ ಮೋಸಗೊಳಿಸುವುದನ್ನು ತಡೆಯಲು ಈ ನಿಯಮ, ಅಂಪೈರ್‌ಗೆ ಅನುಮಾನ ಬಂದರೆ ಉದ್ದೇಶ ನೋಡಬೇಕು ಎಂದೇ ಇದೆ. ಆದರೆ ನಮ್ಮ ಹುಡುಗನ ಉದ್ದೇಶ ಏನಿತ್ತು? ಮೋಸಗೊಳಿಸುವುದೇ ಇತ್ತು. ಅದಕ್ಕೆಂದೇ ಅವನಿಗೆ ನಾನು ಮೂರು ವರ್ಷ ತಾಲೀಮು ಕೊಟ್ಟಿದ್ದೆ! ಆ ಟಿಪ್ಪಣಿ ಹಿಡಿದು ಹೋದರೆ ಕೇಸು ನಮ್ಮ ಮೇಲೇ ಬೀಳುತ್ತದೆ.

ಹಾಗೆಂದು ನಿಮ್ಮ ವರದಿಯಲ್ಲಿ ‘ವಂಚಿಸಲು ಯತ್ನಿಸಿದ ಬೌಲರ್’ ಎಂದು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಬೌಲರ್ ಅಲ್ಲ, ಪಿಚರ್. ಅದು ಹೋಗಲಿ. ವಂಚನೆ ಅನ್ನುವುದು ದೊಡ್ಡ ಮಾತಾಯಿತು. ಗರಡಿಯಲ್ಲಿ ಪೈಲ್ವಾನ ಎಡಕ್ಕೆ ಪಟ್ಟು ತೋರಿಸಿ ಬಲಕ್ಕೆ ಎತ್ತಿ ಹಾಕುತ್ತಾನೆ. ಕಬಡ್ಡಿಯಲ್ಲಿ ರೇಡರ್ ಕಾಲು ಚಾಚಿದ ಹಾಗೆ ಮಾಡಿ ಕೈ ಮುಟ್ಟಿಸುತ್ತಾನೆ. ಅದಕ್ಕೆ ಚಪ್ಪಾಳೆ ಬೀಳುತ್ತದೆ. ಬೇಸ್‌ಬಾಲ್‌ನಲ್ಲೂ ಎಡಗೈ ಪಿಚರ್‌ಗಳು ಒಂದನೇ ಬೇಸ್‌ಗೆ ಮುಖ ಮಾಡಿ, ಕಾಲು ಎತ್ತಿ, ಕೊನೇ ಗಳಿಗೆವರೆಗೂ ಎಲ್ಲಿಗೆ ಎಸೆಯುತ್ತೇನೆಂದು ಬಿಟ್ಟುಕೊಡುವುದಿಲ್ಲ. ಆಂಡಿ ಪೆಟಿಟ್ ಎಂಬ ಅಮೆರಿಕದ ಎಡಗೈ ಆಟಗಾರ ಅದರಲ್ಲಿ ಹೆಸರು ಮಾಡಿದವನು. ಹೆಜ್ಜೆ ಬೇಸ್ ಕಡೆಗೆ ಹೋಯಿತೋ ಬ್ಯಾಟ್ ಕಡೆಗೆ ಹೋಯಿತೋ ಅನ್ನುವುದನ್ನು ಅಳೆಯಲು ಅಂಪೈರ್‌ಗಳು ಮನಸ್ಸಿನಲ್ಲೇ 45 ಡಿಗ್ರಿಯ ಗೆರೆ ಎಳೆದುಕೊಳ್ಳುತ್ತಾರೆ. ಇದೆಲ್ಲ ಆಟದ ಒಳಗಿನ ಜಾಣತನ. ಹದಿನೆಂಟು ವರ್ಷದ ಹುಡುಗನ ಹೆಸರಿನ ಪಕ್ಕ ವಂಚನೆ ಎಂದು ಅಚ್ಚಾದರೆ ಅವನ ಊರಲ್ಲಿ ಅದನ್ನು ಬೇರೆ ಥರ ಓದುತ್ತಾರೆ. ಅವರಪ್ಪ ನನ್ನ ಹತ್ತಿರ ಪೇಪರ್ ಹಿಡಿದುಕೊಂಡು ಬಂದಿದ್ದ. ಕೂರಿಸಿ ಚಹಾ ಕೊಟ್ಟು, ಕಬಡ್ಡಿಯ ಉದಾಹರಣೆ ಕೊಟ್ಟು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಬಾಕ್ ಅಂದರೆ ಬರೀ ಸುಳ್ಳು ಎಸೆತ ಅಂತಲೂ ತಿಳಿಯಬೇಡಿ. ಎರಡೂ ಕೈ ಕೂಡಿಸಿ ನಿಂತ ಮೇಲೆ ಪೂರ್ತಿ ನಿಲ್ಲದೆ ಎಸೆದರೆ ಬಾಕ್. ರಬ್ಬರ್ ಮೇಲಿರುವಾಗ ಚೆಂಡು ಕೈಜಾರಿ ಬಿದ್ದರೂ ಬಾಕ್. ಅಲ್ಲಿ ಉದ್ದೇಶ ಕೇಳುವುದಿಲ್ಲ. ಚೆಂಡು ಇನ್ನೊಬ್ಬನ ಗ್ಲೌಸ್‌ನಲ್ಲಿ ಅಡಗಿಸಿಟ್ಟು ಪಿಚರ್ ರಬ್ಬರ್ ಮೇಲೆ ಬಂದು ನಿಂತರೂ ಬಾಕ್. ತಲೆ ತಿರುಗಿಸಿ ಓಟಗಾರನನ್ನು ನೋಡಬಹುದು, ಭುಜ ಮಾತ್ರ ಅಲುಗಬಾರದು. ಬೇಸ್ ಮೇಲೆ ಯಾರೂ ಇಲ್ಲದಿದ್ದರೆ ಬಾಕ್‌ನ ಮಾತೇ ಇಲ್ಲ, ಯಾರನ್ನು ಮುಂದೆ ಕಳಿಸುವುದು?

ಒಂದು ಪದ ಏನು ಮಾಡುತ್ತದೆ ಅನ್ನುವುದಕ್ಕೆ 1988ರ ಕಥೆ ಇದೆ. ಪಿಚರ್ ‘ಪೂರ್ತಿ ನಿಲ್ಲಬೇಕು’ ಎಂದಿದ್ದ ಕಡೆ ‘ಕಣ್ಣಿಗೆ ಕಾಣುವ ಹಾಗೆ ಪೂರ್ತಿ ನಿಲ್ಲಬೇಕು’ ಎಂಬ ಅರ್ಥದ ಮಾತು ಸೇರಿಸಿದರು. ಹಿಂದಿನ ವರ್ಷ ಅಮೆರಿಕದ ದೊಡ್ಡ ಲೀಗ್‌ನಲ್ಲಿ 356 ಬಾಕ್ ಆಗಿದ್ದವು. ಆ ವರ್ಷ 924 ಆದವು. ಡೇವ್ ಸ್ಟೀವರ್ಟ್ ಎಂಬ ಒಬ್ಬನೇ ಪಿಚರ್‌ಗೆ 16. ಮರುವರ್ಷ ಆ ಮಾತನ್ನು ತೆಗೆದುಬಿಟ್ಟರು. ದೊಡ್ಡ ದೊಡ್ಡ ಸಂಬಳದ ಆಟಗಾರರೇ ಒಂದು ಪದಕ್ಕೆ ಎಡವಿದರು ಎಂದು ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯಿತು. ಈಗಂತೂ 2023ರಿಂದ ಅಲ್ಲಿ ಇನ್ನೊಂದು ಬಂದಿದೆ. ಒಬ್ಬ ಬ್ಯಾಟರ್ ಆಡುವಷ್ಟರಲ್ಲಿ ಪಿಚರ್ ಎರಡು ಸಲ ಮಾತ್ರ ಪಿಕಾಫ್ ಮಾಡಬಹುದು ಅಥವಾ ರಬ್ಬರ್ ಬಿಡಬಹುದು. ಮೂರನೇ ಸಲ ಮಾಡಿ ಓಟಗಾರನನ್ನು ಔಟ್ ಮಾಡದಿದ್ದರೆ ಅದಕ್ಕೂ ಬಾಕ್. ಧಾರವಾಡದ ಟೂರ್ನಿಯಲ್ಲಿ ಅದು ಇರಲಿಲ್ಲ. ಇದ್ದಿದ್ದರೆ ನಮ್ಮ ಹುಡುಗ ನಾಲ್ಕನೇ ಇನ್ನಿಂಗ್ಸ್‌ನಲ್ಲೇ ಸಿಕ್ಕಿಬೀಳುತ್ತಿದ್ದ.

ಮೊನ್ನೆ ಆ ಅಂಪೈರ್ ನಂಬರ್ ಹುಡುಕಿ ಫೋನ್ ಮಾಡಿದೆ. ತಪ್ಪಾಯಿತವಾ ಅಂದೆ. ಅವಳು, “ಇರ್ಲಿ ಬಿಡ್ರಿ ಸರ್. ನಿಮ್ಮ ಜೆರಾಕ್ಸ್ ನೋಡಿ ನನಗೂ ಒಂದ್ ಸೆಕೆಂಡ್ ಎದಿ ಹೊಡ್ಕೊಂತು. ಯಾಕಂದ್ರ ನಾನೂ ಮೊದ್ಲು ಅದ್ರಾಗ ಓದಿದ್ದು” ಅಂದಳು. ಹೇಗೆ ಎಂದು ಕೇಳಿದೆ. ಅವಳ ಪಿ.ಟಿ. ಮೇಡಂ ನನ್ನ ಹತ್ತಿರ ಶಿಬಿರಕ್ಕೆ ಬಂದವರಂತೆ. ಅಂಚಿನಲ್ಲಿ ನನ್ನದೇ ಕೈಬರಹ, ಹಸಿರು ಶಾಯಿಯಲ್ಲಿ ಬರೆದದ್ದು ಜೆರಾಕ್ಸ್‌ನಲ್ಲಿ ಕಪ್ಪಗೆ ಬಂದಿದೆ: ‘ಒಂದಕ್ಕೆ ಸುಳ್ಳು ಸಲ್ಲ, ಎರಡು ಮೂರಕ್ಕೆ ತಂಟೆ ಇಲ್ಲ.’ ಹುಡುಗರಿಗೆ ನೆನಪಿರಲಿ ಎಂದು ಕಟ್ಟಿದ ಸಾಲು ಅದು. ಮೈದಾನ ಸುತ್ತುವಾಗ ಕೂಗಿಸುತ್ತಿದ್ದೆ. ಅದನ್ನು ಕೂಗಿ ಬೆಳೆದವಳೇ ಅಂದು ಕೈ ಎತ್ತಿದ್ದು.

ಇನ್ನು ಈ ಪತ್ರದ ಅಸಲು ಕೆಲಸ. 2004ರಿಂದ ನಾನು ನಿವೃತ್ತಿ ಆಗುವವರೆಗೆ ಆ ಜೆರಾಕ್ಸ್‌ನ ಪ್ರತಿಗಳನ್ನು ಅನೇಕರಿಗೆ ಕೊಟ್ಟಿದ್ದೇನೆ. ಗದಗ, ರೋಣ, ಲಕ್ಷ್ಮೇಶ್ವರ, ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಕಡೆಯ ಪಿ.ಟಿ. ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಒಯ್ದಿದ್ದಾರೆ. ಅವರು ಇನ್ನೆಷ್ಟು ಪ್ರತಿ ಮಾಡಿಸಿ ಯಾರ್ಯಾರಿಗೆ ಕೊಟ್ಟರೋ ನನಗೆ ಲೆಕ್ಕ ಸಿಗುವುದಿಲ್ಲ. ಎಲ್ಲರ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಪೇಪರ್ ಎಲ್ಲರ ಮನೆಗೂ ಹೋಗುತ್ತದೆ. ನೀಲಿ ರಟ್ಟು, ಮೇಲೆ ಬಲಗಡೆ ಮೂಲೆಯಲ್ಲಿ ಸೀಟಿಯ ಚಿತ್ರ ಬರೆದಿದ್ದರೆ ಅದು ನನ್ನದೇ.

ಅದು ನಿಮ್ಮ ಹತ್ತಿರ ಇದ್ದರೆ 8.05 ಇರುವ ಪುಟ ತೆಗೆಯಿರಿ. ‘ಒಂದನೇ ಬೇಸ್‌ಗೆ ಎಸೆಯುವ ಹಾಗೆ ಮಾಡಿ’ ಎಂಬ ಸಾಲಿನಲ್ಲಿ ‘ಒಂದನೇ’ ಆದ ಮೇಲೆ ‘ಅಥವಾ ಮೂರನೇ’ ಎಂದು ಬರೆಯಿರಿ. 8.05 ಎಂಬುದನ್ನು ಹೊಡೆದು 6.02 ಎಂದು ಮಾಡಿ. ಅಂಚಿನಲ್ಲಿರುವ ನನ್ನ ಪದ್ಯವನ್ನು ಪೂರ್ತಿ ಗೀಚಿ ಹಾಕಿ. ಅದರ ಜಾಗದಲ್ಲಿ ‘ಎರಡಕ್ಕೆ ಮಾತ್ರ’ ಎಂದು ಬರೆದರೆ ಸಾಕು. ಬರುವ ಬೇಸಿಗೆ ಶಿಬಿರದ ಮುಂಚೆ ಇಷ್ಟು ಆಗಲಿ. ಹೊಸ ಪ್ರತಿ ಬೇಕಾದವರು ಬೆಳಿಗ್ಗೆ ಆರರಿಂದ ಎಂಟರವರೆಗೆ ನಮ್ಮ ಮೈದಾನಕ್ಕೆ ಬನ್ನಿ. ಮೊಮ್ಮಗಳು ಪ್ರಿಂಟ್ ತೆಗೆಸಿ ಇಟ್ಟಿದ್ದಾಳೆ. ಬರುವಾಗ ಹಳೆಯದನ್ನು ತನ್ನಿ, ಅದನ್ನು ಕೊಟ್ಟವರಿಗೇ ಹೊಸದು.

ಇತಿ ತಮ್ಮ,
ನಿವೃತ್ತ ದೈಹಿಕ ಶಿಕ್ಷಕ,
ಬೆಟಗೇರಿ, ಗದಗ